ಬಿಟ್ಟ ಸ್ಥಳ ತುಂಬಿರಿ

ಇಂಗ್ಲಿಷ್ ಕಲಿಸುವ ಕ್ಯಾಸೆಟ್ಟುಗಳಲ್ಲಿ ನನಗೆ ಬಲು ಇಷ್ಟವಾದದ್ದು ಏನೂ ಕೇಳಿಸದ ಜಾಗ. ಒಬ್ಬಾಕೆ ‘ಲಿಸನ್ ಅಂಡ್ ರಿಪೀಟ್’ ಅನ್ನುತ್ತಾಳೆ. ‘ವೇರ್ ಈಸ್ ದಿ ಪೋಸ್ಟ್ ಆಫೀಸ್?’ ಅನ್ನುತ್ತಾಳೆ. ಅಷ್ಟು ಹೇಳಿ ಸುಮ್ಮನಾಗುತ್ತಾಳೆ. ಟೇಪು ಓಡುತ್ತಲೇ ಇರುತ್ತದೆ, ಸ್ಪೀಕರಿನಿಂದ ಸಣ್ಣಗೆ ‘ಸ್ಸ್’ ಎಂಬ ಸದ್ದು ಬರುತ್ತಲೇ ಇರುತ್ತದೆ, ಆಕೆ ಮಾತ್ರ ಮಾತಾಡುವುದಿಲ್ಲ. ನೀವು ಹೇಳಲಿ ಎಂದು ಕಾಯುತ್ತಾಳೆ. ಹೇಳಿದರೂ ಸರಿ, ಬಾಯಿ ಬಿಡದೆ ಕೂತರೂ ಸರಿ, ತಪ್ಪೇ ಹೇಳಿದರೂ ಸರಿ, ಅವಳು ಕಾಯುವ ಹೊತ್ತು ಒಂದಿಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಒಂದು ಗೆರೆ ಎಳೆದಿರುತ್ತಾರಲ್ಲ, ಅದನ್ನು ಪೆನ್ನಿನಿಂದ ತುಂಬಬೇಕು, ಅದಕ್ಕೆ ಅಂಕ ಉಂಟು. ಕ್ಯಾಸೆಟ್ಟಿನ ಬಿಟ್ಟ ಸ್ಥಳವನ್ನು ಬಾಯಿಂದ ತುಂಬಬೇಕು, ಅಂಕ ಹಾಕುವವರು ಯಾರೂ ಇಲ್ಲ.

ಆ ಜಾಗದ ಉದ್ದವನ್ನು ಅಳೆಯಲೂಬಹುದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ನಾಲ್ಕೂಮುಕ್ಕಾಲು ಸೆಂಟಿಮೀಟರಿನಷ್ಟು ಸರಿಯುತ್ತದೆ. ಐದು ಸೆಕೆಂಡು ಸುಮ್ಮನಿದ್ದರೆ ಒಂದು ಗೇಣು ಟೇಪು ಖರ್ಚಾಯಿತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುತ್ತಿಕೊಂಡು ಕೂತಿರುವುದು ಹೆಚ್ಚುಕಮ್ಮಿ 90 ಮೀಟರು. ಇಂಗ್ಲಿಷ್ ಪಾಠದ ಕ್ಯಾಸೆಟ್ಟೊಂದನ್ನು ಯಾರಾದರೂ ಬಿಡಿಸಿ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಹಾಸಿದರೆ, ಅದರಲ್ಲಿ ಒಳ್ಳೆಯ ಪಾಲು ಕಲಿಯುವವರಿಗೆಂದು ಬಿಟ್ಟುಕೊಟ್ಟ ಖಾಲಿ ಗೇಣುಗಳೇ ಇರುತ್ತವೆ. ದುಡ್ಡು ಕೊಟ್ಟು ಕೊಂಡ ವಸ್ತುವಿನೊಳಗೆ ಕೊಂಡವರ ದನಿಗೆಂದು ಇಷ್ಟು ಜಾಗ ಬಿಟ್ಟಿರುವುದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಪಾಠ ಮುದ್ರಿಸಿದ್ದು ದೂರದ ಯಾವುದೋ ಸ್ಟುಡಿಯೋದಲ್ಲಿ. ಬಾಗಿಲು ಭದ್ರವಾಗಿ ಮುಚ್ಚಿ, ಗೋಡೆಗೆ ಮೆತ್ತೆ ಹೊಡೆದು, ನೊಣದ ಸದ್ದೂ ಒಳಗೆ ಬಾರದ ಹಾಗೆ ನೋಡಿಕೊಂಡ ಕೋಣೆಯಲ್ಲಿ. ಅಲ್ಲಿ ಜತನದಿಂದ ಕಟ್ಟಿ ಕಳಿಸಿದ ಮೌನ ನಮ್ಮ ಕೋಲಾರ ಸೀಮೆಗೆ ಬಂದು ಬಿಚ್ಚಿಕೊಂಡಾಗ ಅದರೊಳಕ್ಕೆ ಏನೇನು ನುಗ್ಗುತ್ತಿತ್ತು ನೋಡಿ. ಶ್ರೀನಿವಾಸಪುರವಾದರೆ, ಅದೂ ಮೇ–ಜೂನ್ ತಿಂಗಳಾದರೆ, ಮಾವಿನ ಮಂಡಿಯಲ್ಲಿ ಹರಾಜು ಕೂಗುವ ದನಿ, ತೋತಾಪುರಿ ತುಂಬಿಕೊಂಡು ಏದುಸಿರು ಬಿಡುವ ಟ್ರ್ಯಾಕ್ಟರು. ಮಾಲೂರಾದರೆ ಹೆಂಚಿನ ಕಾರ್ಖಾನೆ ಕಡೆಯ ಲಾರಿ, ಅದರ ಹಿಂದೆಯೇ ಬೆಂಗಳೂರಿಗೆ ಹೊರಟ ರೈಲು. ಮುಳಬಾಗಿಲಾದರೆ ಹೆದ್ದಾರಿಯಲ್ಲಿ ಆಂಧ್ರದ ಕಡೆಗೆ ಓಡುವ ಬಸ್ಸುಗಳ ಹಾರನ್ನು. ಕೋಲಾರವಾದರೆ ಟೊಮೆಟೊ ಮಾರುಕಟ್ಟೆಯ ಖಾಲಿ ಕ್ರೇಟುಗಳು ಒಂದಕ್ಕೊಂದು ತಾಗುವ ಲಟಲಟ. ಪೋಸ್ಟ್ ಆಫೀಸು ಎಲ್ಲಿದೆ ಎಂಬ ಪ್ರಶ್ನೆಗೂ ಅದರ ಮರುದನಿಗೂ ನಡುವೆ ಒಂದಿಡೀ ಜಿಲ್ಲೆ ಹಾದುಹೋಗುತ್ತಿತ್ತು. ಇಂಗ್ಲಿಷು ನಮ್ಮದಾದದ್ದು ಆ ಸಂದಿನಲ್ಲೇ ಎಂದು ನನ್ನ ನಂಬಿಕೆ.

ನಮ್ಮ ಮನೆಗೆ ಅಂಥ ಕ್ಯಾಸೆಟ್ಟು ತಂದವರು ಚಿಕ್ಕಪ್ಪ. ಅದನ್ನು ಹಾಕುತ್ತಿದ್ದದ್ದು ರೇಷ್ಮೆಗೂಡು ಒಳ್ಳೆಯ ಬೆಲೆಗೆ ಹೋದ ವರ್ಷ ಕೊಂಡ ಟೇಪ್ ರೆಕಾರ್ಡರಿನಲ್ಲಿ. ಹಬ್ಬಕ್ಕೆ ಭಕ್ತಿಗೀತೆ, ಮದುವೆಗೆ ಸಿನಿಮಾ ಹಾಡು, ಮಳೆಗಾಲದ ರಾತ್ರಿಗೆ ಹರಿಕಥೆ, ಇವುಗಳ ನಡುವೆ ದಪ್ಪ ಪುಸ್ತಕದ ಜೊತೆ ಬಂದ ಈ ಒಂದು ಇಂಗ್ಲಿಷ್ ಪಾಠ. ಸಂಜೆ ಜಗಲಿಯ ಮೇಲೆ ಅದನ್ನು ಹಾಕಿ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಒಂದು ದಿನ ಟೇಪಿನಾಕೆ ನಿಮ್ಮ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿ ಸುಮ್ಮನಾದಳು. ನಾವು ತಿರುಗುವ ಚಕ್ರಗಳನ್ನು ನೋಡುತ್ತಾ ಕೂತೆವು. ಪಕ್ಕದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

“ಆಯಮ್ಮ ಅಷ್ಟೊತ್ತಿಂದ ಕೇಳ್ತಾವ್ಳೆ, ಒಬ್ಬನಾದ್ರೂ ಜವಾಬು ಕೊಡ್ರೋ! ಮನೆಗೆ ಬಂದೋರು ಮಾತಾಡಿಸಿದ್ರೆ ಹಿಂಗಾ ಕೂತ್ಕೊಳ್ಳೋದು?”

ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ತಿಳಿಯದು. ಆದರೆ ಆ ಸುಮ್ಮನಿರುವಿಕೆಯ ಅರ್ಥ ಅವಳಿಗೆ ನಮಗಿಂತ ಮೊದಲೇ ತಿಳಿದಿತ್ತು. ಒಬ್ಬರು ಮಾತಾಡಿ ನಿಲ್ಲಿಸಿದರೆಂದರೆ ಇನ್ನೊಬ್ಬರು ಮಾತಾಡಬೇಕು ಎಂದೇ. ಅವಳ ಲೆಕ್ಕದಲ್ಲಿ ಟೇಪಿನಾಕೆ ಮನೆಗೆ ಬಂದ ನೆಂಟಳು, ಪಾಠ ಹೇಳಲು ಬಂದವಳಲ್ಲ. ಆವತ್ತಿನಿಂದ ನಾವು ಅವಳಿಗೆ ಜವಾಬು ಕೊಡತೊಡಗಿದೆವು. ನಮ್ಮ ಊರಿನ ಹೆಸರು ಹೇಳಿದೆವು, ಹಸುವಿನ ಬಣ್ಣ ಹೇಳಿದೆವು, ಟೀ ಬೇಕೇ ಎಂದರೆ ಯೆಸ್ ಪ್ಲೀಸ್ ಅಂದೆವು. ಅಜ್ಜಿ ಕೇರಿದ ರಾಗಿಯನ್ನು ಡಬ್ಬಕ್ಕೆ ಸುರಿಯುವಾಗ ಒಂದು ಕ್ಷಣ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

ಕರೆಂಟು ಇಲ್ಲದ ದಿನ ಸೆಲ್ಲು. ಸೆಲ್ಲು ಸೊರಗುವಾಗ ಅದರ ಸೊಗಸೇ ಬೇರೆ. ಮೊದಲು ಆಕೆಯ ದನಿ ತುಸು ಭಾರವಾಗುತ್ತದೆ. ಆಮೇಲೆ ಒಂದೊಂದು ಪದವೂ ಕಾಲೆಳೆಯುತ್ತದೆ. ಕೊನೆಗೆ ಹೆಂಗಸೋ ಗಂಡಸೋ ಗೊತ್ತಾಗದ, ನಿದ್ದೆಗಣ್ಣಿನ ಯಾರೋ ಒಬ್ಬರು ಬಾವಿಯೊಳಗಿಂದ ಇಂಗ್ಲಿಷ್ ಆಡುತ್ತಾರೆ. ಸೆಲ್ಲನ್ನು ಹೊರತೆಗೆದು ಬಿಸಿಲಿಗಿಡುವ ಮುಂಚಿನ ಆ ಹತ್ತು ನಿಮಿಷ ನಮ್ಮ ಪಾಲಿಗೆ ಅತ್ಯುತ್ತಮ ತರಗತಿ. ಅಲ್ಲಿಯವರೆಗೆ ಒಂದರೊಳಗೊಂದು ಹೊಕ್ಕು ಓಡುತ್ತಿದ್ದ ಪದಗಳು ಆಗ ಬಿಡಿಬಿಡಿಯಾಗಿ ನಿಂತು ಮುಖ ತೋರಿಸುತ್ತಿದ್ದವು. ಎಲ್ಲಿ ನಾಲಿಗೆ ತಿರುಗಿತು, ಎಲ್ಲಿ ತುಟಿ ಕೂಡಿತು, ಎಲ್ಲ ಕೇಳುತ್ತಿತ್ತು.

ಇದೇ ನಿಧಾನವನ್ನು ಅಮೆರಿಕದವರು ಬೇಕೆಂದೇ ಮಾಡಿದರು ಎಂಬುದು ಆಮೇಲೆ ತಿಳಿಯಿತು. 1959ರ ಅಕ್ಟೋಬರಿನಲ್ಲಿ ವಾಯ್ಸ್ ಆಫ್ ಅಮೆರಿಕ ‘ಸ್ಪೆಷಲ್ ಇಂಗ್ಲಿಷ್’ ಎಂಬ ಪ್ರಸಾರ ಶುರುಮಾಡಿತು. ಸುಮಾರು 1500 ಪದಗಳ ಒಂದು ಪಟ್ಟಿ, ಅದರಾಚೆಗೆ ಆದಷ್ಟೂ ಹೋಗುವಂತಿರಲಿಲ್ಲ. ಪುಟ್ಟ ವಾಕ್ಯಗಳು. ಮಾಮೂಲಿ ವಾರ್ತೆಯ ವೇಗದಲ್ಲಿ ಮೂರನೇ ಎರಡರಷ್ಟು ವೇಗ. ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿಯನ್ನೂ ಅಷ್ಟೇ ಪದಗಳ ಬಡಾವಣೆಯಲ್ಲೇ ಸುತ್ತಾಡಿ ಹೇಳಬೇಕಿತ್ತು. ಅದಕ್ಕೂ ಮುಂಚೆ 1943ರಿಂದಲೇ ಬಿಬಿಸಿ ‘ಇಂಗ್ಲಿಷ್ ಬೈ ರೇಡಿಯೊ’ ಎಂದು ಪಾಠ ಹೇಳುತ್ತಿತ್ತು. ಶಾರ್ಟ್ ವೇವಿನಲ್ಲಿ ಈ ದನಿಗಳು ಅಲೆಯಲೆಯಾಗಿ ಬರುತ್ತಿದ್ದವು; ಒಮ್ಮೆ ಕಿವಿಯ ಪಕ್ಕದಲ್ಲೇ, ಇನ್ನೊಮ್ಮೆ ಸಮುದ್ರದಾಚೆ. ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ, ರೇಡಿಯೊವನ್ನು ಕಿಟಕಿಯ ಕಡೆಗೆ ಮುಖ ಮಾಡಿ ಇಟ್ಟು, ಉಸಿರು ಬಿಗಿಹಿಡಿದು ಕೇಳುವುದಿತ್ತು. ಸುಲಭವಾಗಿ ಕೇಳಿಸಿದ್ದರೆ ಅಷ್ಟು ಕಿವಿಗೊಟ್ಟು ಕೇಳುತ್ತಿದ್ದೆವೋ ಇಲ್ಲವೋ.

ದನಿಯನ್ನು ಹಿಡಿದಿಡುವ ಯಂತ್ರಕ್ಕೂ ಇಂಗ್ಲಿಷ್ ಕಲಿಸುವ ಕೆಲಸಕ್ಕೂ ಹುಟ್ಟಿನಿಂದಲೇ ನಂಟು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿ ಅದರೊಳಕ್ಕೆ ಮೊದಲು ಕೂಗಿದ್ದು ಯಾವ ಘೋಷಣೆಯನ್ನೂ ಅಲ್ಲ, ಒಬ್ಬ ಹುಡುಗಿ ಮತ್ತು ಅವಳ ಕುರಿಮರಿಯ ಮೇಲಿನ ಶಿಶುಗೀತೆಯನ್ನು. ಇಂದು ಕೋಲಾರದ ಯಾವ ಎಲ್‌ಕೆಜಿಗೆ ಹೋದರೂ ಮಕ್ಕಳು ಕೈ ಆಡಿಸುತ್ತಾ ಹೇಳುವುದು ಅದನ್ನೇ. ಮರುವರ್ಷ ಆತ ತನ್ನ ಯಂತ್ರದಿಂದ ಏನೇನು ಮಾಡಬಹುದೆಂದು ಪಟ್ಟಿ ಬರೆದಾಗ ಸ್ಪಷ್ಟವಾಗಿ ಮಾತಾಡಲು ಕಲಿಸುವುದೂ ಕಣ್ಣಿಲ್ಲದವರಿಗೆ ಪುಸ್ತಕ ಓದಿ ಹೇಳುವುದೂ ಅದರಲ್ಲಿದ್ದವು. 1901ರಲ್ಲಿ ಜಾಕ್ ರೋಸ್ಟನ್ ಎಂಬಾತ ಲಂಡನ್ನಿನಲ್ಲಿ ಲಿಂಗ್ವಫೋನ್ ಕಂಪನಿ ತೆರೆದು ಮೇಣದ ಉರುಳೆಗಳಲ್ಲಿ ಭಾಷೆ ಮಾರತೊಡಗಿದ. ಉರುಳೆ ಹೋಗಿ ತಟ್ಟೆ ಬಂತು. ತಟ್ಟೆ ಇರುವಾಗಲೇ 1963ರಲ್ಲಿ ಫಿಲಿಪ್ಸ್ ಕಂಪನಿಯ ಪುಟ್ಟ ಕ್ಯಾಸೆಟ್ಟು ಬಂತು. ದಕ್ಷಿಣದ ರಾಜ್ಯಗಳ ಮೇಷ್ಟರುಗಳಿಗೆ ಇಂಗ್ಲಿಷ್ ಹೇಳಿಕೊಡುವುದನ್ನು ಕಲಿಸುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದೂ ಅದೇ 1963ರಲ್ಲಿ. ಒಂದು ಜೇಬಿಗೆ ಹಿಡಿಸುವಂಥದ್ದು, ಇನ್ನೊಂದು ಈಗ ಜ್ಞಾನಭಾರತಿಯ ಮರಗಳ ನಡುವೆ ಇರುವಂಥದ್ದು. ಎರಡೂ ಒಂದೇ ವಯಸ್ಸಿನವು ಎಂದು ನೆನೆದಾಗ ನನಗೇನೋ ಖುಷಿ.

ಆದರೆ ಕಿವಿಯಿಂದ ಭಾಷೆ ಕಲಿಯುವ ವಿದ್ಯೆಯನ್ನು ನಮ್ಮ ಸೀಮೆಗೆ ಲಂಡನ್ನಿನಿಂದ ತರಿಸಬೇಕಾಗಿರಲಿಲ್ಲ. ಗಡಿಯ ಜನ ನಾವು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಮುಳಬಾಗಿಲಿನ ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಿ. ಅಂಗಡಿಯವನ ಮಗ, ಇನ್ನೂ ಮೀಸೆ ಚಿಗುರದ ಹುಡುಗ, ಬಂದವರ ಮುಖ ನೋಡುತ್ತಲೇ ‘ಏಂ ಕಾವಾಲ’, ‘ಕ್ಯಾ ಹೋನಾ’, ‘ಎನ್ನ ವೇಣುಂ’, ‘ಏನ್ ಬೇಕಣ್ಣ’ ಎಂದು ನಾಲ್ಕು ಕಡೆಗೆ ನಾಲಿಗೆ ಹೊರಳಿಸುತ್ತಾನೆ. ಇವುಗಳಲ್ಲಿ ಅವನು ಅಕ್ಷರ ಬಲ್ಲದ್ದು ಒಂದರದ್ದೇ. ಉಳಿದ ಮೂರನ್ನು ಯಾರೂ ಅವನಿಗೆ ಪಾಠ ಮಾಡಿಲ್ಲ, ಯಾರೂ ಪರೀಕ್ಷೆ ಇಟ್ಟಿಲ್ಲ, ಅವು ಬರುತ್ತವೆ ಎಂಬುದು ಅವನಿಗೊಂದು ಹೆಮ್ಮೆಯ ಸಂಗತಿಯೂ ಆಗಿಲ್ಲ. ಕಿವಿಗಲಿಕೆ ಎಂದರೆ ಅದು.

ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. ಬರೆದದ್ದು ಕನ್ನಡದ ಕಥೆ, ಅದೂ ಎದುರು ಕೂತು ಹೇಳುತ್ತಿರುವಂಥ ಕನ್ನಡದಲ್ಲಿ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಆದರೂ ಇಂಗ್ಲಿಷ್ ಪತ್ರಿಕೆ ನಡೆಸಿದರು, ದಿವಾನರುಗಳೊಡನೆ ಆ ಭಾಷೆಯಲ್ಲಿ ವಾದ ಮಾಡಿದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಇವರ ಕಾಲಕ್ಕೆ ಕ್ಯಾಸೆಟ್ಟು ಎಲ್ಲಿಂದ ಬರಬೇಕು? ಹಲವು ಮಾತುಗಳು ಒಂದೇ ಬೀದಿಯಲ್ಲಿ ಓಡಾಡುವ ಊರಿನಲ್ಲಿ ಬೆಳೆದ ಕಿವಿಗಳು ಅವು, ಇನ್ನೊಂದು ಮಾತು ಬಂದರೆ ಹೆದರುವಂಥವಲ್ಲ. ಇನ್ನು ಕೆಜಿಎಫ್ ಅಂತೂ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಶಾಫ್ಟು, ಶಿಫ್ಟು, ಸೈರನ್ನು ಎಂದು ಉಸಿರಾಡಿದ ಊರು. ಉರಿಗಾಂ, ಚಾಂಪಿಯನ್ ರೀಫಿನ ಲೈನು ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇಂಗ್ಲಿಷು ತಮಿಳಿನ ರಾಗದಲ್ಲಿ ಸಲೀಸಾಗಿ ಹೊರಳುತ್ತಿತ್ತು.

ಈ ಕಿವಿಯ ಸಿದ್ಧತೆಯಿಂದ ಬಾಯಿಗೆ ಆದ ಲಾಭವನ್ನು ನಾನು ಬಹಳ ಹೊತ್ತು ಚಪ್ಪರಿಸಿದ್ದೇನೆ. ಇಂಗ್ಲಿಷಿನ ‘ಜ಼ೂ’, ‘ಫ಼ೈವ್’ ಇಂಥವುಗಳ ಮೊದಲ ಸದ್ದು ಕನ್ನಡದ ಮೂಲ ಅಕ್ಷರಮಾಲೆಯಲ್ಲಿಲ್ಲ. ಮೇಷ್ಟರು ಎಷ್ಟು ಹೇಳಿಕೊಟ್ಟರೂ ಹಲವು ಊರುಗಳಲ್ಲಿ ಅದು ‘ಜೂ’, ‘ಪೈವ್’ ಆಗಿಯೇ ಬರುತ್ತದೆ. ಕೋಲಾರದ ಸೈಕಲ್ ಶಾಪಿನ ಪಕ್ಕದಲ್ಲಿ ಬೆಳೆದ ಹುಡುಗನಿಗೆ ಆ ಕಷ್ಟವಿಲ್ಲ. ದಖನಿ ಉರ್ದುವಿನ ‘ಜ಼ರಾ’, ‘ಫ಼ುರ್ಸತ್’ ಕೇಳಿ ಕೇಳಿ ಅವನ ಹಲ್ಲಿಗೂ ತುಟಿಗೂ ಆ ಜಾಗ ಆಗಲೇ ಗೊತ್ತು. ಟೇಪಿನಾಕೆ ‘ಜ಼ೀಬ್ರಾ’ ಅಂದಾಗ ಅವನು ಹೊಸದೇನನ್ನೂ ಕಲಿಯುತ್ತಿಲ್ಲ, ಗೊತ್ತಿರುವ ಓಣಿಯಲ್ಲಿ ಹೊಸ ಮನೆಗೆ ಹೋಗುತ್ತಿದ್ದಾನೆ.

ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷರು ಪದದ ಮೊದಲಲ್ಲಿ ಪ, ಟ, ಕ ಬಂದರೆ ಅದರ ಬೆನ್ನಿಗೊಂದು ಸಣ್ಣ ಉಸಿರು ಸೇರಿಸುತ್ತಾರೆ. ಬರೆಯುವಾಗ ಅದು ಕಾಣುವುದಿಲ್ಲ. ನಾವು ‘ಪೆನ್’ ಎಂದು ಬರೆಯುತ್ತೇವೆ, ಹಾಗೆಯೇ ಹೇಳುತ್ತೇವೆ. ಪುಸ್ತಕ ನೋಡದೆ ಬರಿಯ ಟೇಪು ಕೇಳಿದ ಮಗು ಮಾತ್ರ ಮಹಾಪ್ರಾಣ ಹಾಕಿ ‘ಪ್ಹೆನ್’ ಎನ್ನುತ್ತದೆ, ದೊಡ್ಡವರು ನಗುತ್ತಾರೆ. ಸರಿಯಾಗಿ ಕೇಳಿಸಿಕೊಂಡದ್ದು ಮಗುವೇ. ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಂದು ಬೇರ್ಪಡಿಸಿಟ್ಟ ಸೌಕರ್ಯ ಇರುವುದರಿಂದಲೇ ಅದಕ್ಕೆ ಆ ಉಸಿರು ಕಿವಿಗೆ ಬಿತ್ತು. ಹಾಗೆಯೇ ‘ಬನಾನ’ ಎಂಬ ಪದ. ನಾವು ಮೂರು ಅಕ್ಷರಕ್ಕೂ ಪಂಕ್ತಿಯಲ್ಲಿ ಸಮನಾಗಿ ಬಡಿಸುವ ಜನ. ಟೇಪಿನಾಕೆ ಹಾಗಲ್ಲ, ‘ಬ’ವನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟಿ, ನಡುವಿನ ‘ನಾ’ ಮೇಲೆ ಪೂರ್ತಿ ತೂಕ ಬಿಟ್ಟು, ಕೊನೆಯದನ್ನು ಉಸಿರಲ್ಲೇ ಕರಗಿಸುತ್ತಾಳೆ. ಯಾವ ವ್ಯಾಕರಣ ಪುಸ್ತಕ ಓದಿದರೂ ಈ ತಾಳ ಹತ್ತುವುದಿಲ್ಲ. ಕೇಳಬೇಕು, ಮತ್ತೆ ಹಿಂದಕ್ಕೆ ಓಡಿಸಿ ಕೇಳಬೇಕು. ಟೊಮೆಟೊ ವಿಷಯದಲ್ಲಿ ಮಾತ್ರ ನಮಗೆ ಯಾರ ಪಾಠವೂ ಬೇಡ. ಅಮೆರಿಕದವರು ‘ಟಮೇಟೊ’ ಅನ್ನಲಿ, ಬ್ರಿಟಿಷರು ‘ಟಮಾಟೊ’ ಅನ್ನಲಿ, ಕೋಲಾರದ ಮಂಡಿಯ ‘ಟಮಾಟ’ಕ್ಕೆ ಹತ್ತಿರ ಬರುವವರು ಬ್ರಿಟಿಷರೇ.

ಇಷ್ಟು ಸಿದ್ಧವಾದ ಕಿವಿಗಳಿರುವ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು ಬಂದದ್ದು ಕಣ್ಣಿನ ದಾರಿಯಿಂದ. ಐದನೇ ತರಗತಿ, ನಾಲ್ಕು ಗೆರೆಯ ಕಾಪಿ ಪುಸ್ತಕ, ಒಂದು ವರ್ಷ ಎಬಿಸಿಡಿ ತಿದ್ದುವುದರಲ್ಲೇ ಹೋಯಿತು. ಆಮೇಲೆ ಸ್ಪೆಲಿಂಗು. ಮಾತಾಡಿ ನೋಡುವ ಮೊದಲೇ ತಪ್ಪು ಬರೆದ ಭಯ ಮನಸ್ಸಿಗೆ ಬಂದು ಕೂತಿತು. ಮೇಷ್ಟರನ್ನು ದೂರಲಾರೆ. ಅವರೂ ಹೀಗೆಯೇ ಕಲಿತವರು, ಅವರಿಗೂ ಯಾರೂ ಮಾತಾಡಲು ಸಮಯ ಕೊಟ್ಟಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಕಾಯುವುದು ಬಲು ಕಷ್ಟದ ಕೆಲಸ. ಐವತ್ತು ಮಕ್ಕಳಿರುವ ಕೋಣೆಯಲ್ಲಿ ಐದು ಸೆಕೆಂಡು ಮೌನ ಎಂದರೆ ಗದ್ದಲ ಶುರು. ಆದ್ದರಿಂದ ಮೇಷ್ಟರು ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ, ಇಲ್ಲವೆ ಮುಂದಿನ ಬೆಂಚಿನ ಹುಡುಗಿಗೆ ಬಿಟ್ಟುಬಿಡುತ್ತಾರೆ. ಹಿಂದಿನ ಬೆಂಚಿನವನ ಬಾಯಿಗೆ ಬರುತ್ತಿದ್ದ ಪದ ಅಲ್ಲೇ ಇಂಗಿಹೋಗುತ್ತದೆ. 2007ರಲ್ಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಒಂದು ವಿಷಯವಾಗಿ ಒಂದನೇ ತರಗತಿಗೇ ಇಳಿದು ಬಂತು. ಒಳ್ಳೆಯದೇ. ಆರು ವರ್ಷದ ಮಗುವಿಗೆ ಕಣ್ಣಿಗಿಂತ ಕಿವಿ ಚುರುಕು.

ಅದೇ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು (ಡಿಎಸ್‌ಇಆರ್‌ಟಿ) ಆಕಾಶವಾಣಿಯ ಜೊತೆ ಸೇರಿ ಶಾಲೆಗಳಿಗೆ ರೇಡಿಯೊ ಪಾಠ ಬಿತ್ತರಿಸಿದರು. ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಎಂಬ ಹೆಸರುಗಳೇ ಎಷ್ಟು ಮುದ್ದಾಗಿವೆ. ಬಿಸಿಯೂಟ ಮುಗಿದಿರುತ್ತದೆ, ಕಣ್ಣೆವೆ ಭಾರವಾಗಿರುತ್ತದೆ. ಮೇಡಂ ಬೀರುವಿನಿಂದ ರೇಡಿಯೊ ತೆಗೆದು ಮೇಜಿನ ಮೇಲಿಟ್ಟು, ಆಂಟೆನಾವನ್ನು ಕಿಟಕಿಯ ಸರಳುಗಳ ನಡುವಿನಿಂದ ಹೊರಕ್ಕೆ ಚಾಚುತ್ತಾರೆ. ಗೊರಗೊರ ಸದ್ದಿನಿಂದ ಹಾಡು ಬಿಡಿಸಿಕೊಂಡು ಬರುತ್ತದೆ. ನೆಲದ ಮೇಲೆ ಕೂತ ಮಕ್ಕಳು ನೆಟ್ಟಗಾಗುತ್ತಾರೆ. ರೇಡಿಯೊದೊಳಗಿನ ಅಕ್ಕ ಒಂದು ಪ್ರಶ್ನೆ ಕೇಳುತ್ತಾಳೆ, ಬಿಡುವು ಕೊಡುತ್ತಾಳೆ. ಇಡೀ ಕೋಣೆ ಒಂದೇ ಕೊರಳಿನಲ್ಲಿ ಉತ್ತರ ಕೂಗುತ್ತದೆ. ಆಮೇಲೆ ಅವಳು ‘ವೆರಿ ಗುಡ್’ ಅನ್ನುತ್ತಾಳೆ. ಬೆಂಗಳೂರಿನಲ್ಲಿ ಕೂತವಳಿಗೆ ಮುಳಬಾಗಿಲಿನ ಮಕ್ಕಳು ಹೇಳಿದ್ದು ಕೇಳಿಸಿರಲಾರದು ಎಂದು ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಆ ವೆರಿ ಗುಡ್‌ಗೆ ಮುಖ ಅರಳುತ್ತದೆ. ಅದು ಅವರು ಹೇಳುವ ಮೊದಲೇ ಅವರ ಮೇಲೆ ಇಟ್ಟ ನಂಬಿಕೆ. ಇಂಗ್ಲಿಷ್ ವಿಷಯದಲ್ಲಿ ನಮ್ಮ ಹಳ್ಳಿಯ ಮಕ್ಕಳ ಮೇಲೆ ಅಂಥ ಮುಂಗಡ ನಂಬಿಕೆಯನ್ನು ಇಟ್ಟವರು ಎಷ್ಟು ಜನ?

ಈ ಬಗೆಯ ಬಿಡುವುಳ್ಳ ರೇಡಿಯೊ ಪಾಠ 1970ರ ದಶಕದಲ್ಲಿ ನಿಕರಾಗುವಾದಲ್ಲಿ ಲೆಕ್ಕ ಕಲಿಸಲು ಹುಟ್ಟಿಕೊಂಡದ್ದು. 1980ರ ದಶಕದ ಆರಂಭದಲ್ಲಿ ಕೆನ್ಯಾದ ಪುಟ್ಟ ಮಕ್ಕಳಿಗೆ ಅದೇ ರೀತಿ ಇಂಗ್ಲಿಷ್ ಹೇಳಿಕೊಟ್ಟರು. ಹಲವು ಮಾತುಗಳ ನಾಡು ಅದೂ. ಅಲ್ಲಿನ ಯಾವುದೋ ಹಳ್ಳಿಯ ತಗಡಿನ ಸೂರಿನ ಕೆಳಗೂ ಮಕ್ಕಳು ಹೀಗೆಯೇ ಕೂಗಿರುತ್ತಾರೆ.

ನಮ್ಮ ಜಿಲ್ಲೆಗೆ ದನಿಯ ವಿಷಯದಲ್ಲಿ ಇನ್ನೊಂದು ಹಿರಿಮೆ ಇದ್ದು, ಅದನ್ನು ಹೇಳದೆ ಮುಂದೆ ಹೋಗಲಾರೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು ಎಂದು ಎಲ್ಲರಿಗೂ ಗೊತ್ತು. 2000ದ ದಶಕದ ಮೊದಲಲ್ಲಿ ಆ ಊರಿನವರು, ಮುಖ್ಯವಾಗಿ ಸ್ವಸಹಾಯ ಸಂಘದ ಹೆಂಗಸರು, ‘ನಮ್ಮ ಧ್ವನಿ’ ಎಂದು ಒಂದು ಪುಟ್ಟ ಸ್ಟುಡಿಯೋ ನಡೆಸಿದರು. ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳು ಜೊತೆಗಿದ್ದವು. ಊರಿನವರಿಗೆ ರೇಡಿಯೊ ಪ್ರಸಾರಕ್ಕೆ ಸರ್ಕಾರದ ಅನುಮತಿ ಸಿಗದ ಕಾಲ. ಸ್ವಯಂಸೇವಾ ಸಂಸ್ಥೆಗಳಿಗೆ ಅದು ದಕ್ಕಿದ್ದು 2006ರಲ್ಲಿ. ಹಾಗಾಗಿ ಅವರು ಟಿವಿ ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಹರಿಸಿ ಮನೆಮನೆಗೆ ಮುಟ್ಟಿಸಿದರು. ರಾಗಿಯ ರೋಗ, ನೀರಿನ ಜಗಳ, ಮಕ್ಕಳ ಹಾಡು ಎಲ್ಲ ಅವರದೇ ದನಿಯಲ್ಲಿ. ಧ್ವನಿಮುದ್ರಿಸಲು ದೊಡ್ಡ ಊರು ಬೇಕಿಲ್ಲ ಎಂಬುದನ್ನು ಬೂದಿಕೋಟೆ ಆಗಲೇ ಮಾಡಿ ತೋರಿಸಿತ್ತು.

ಈಗ ಟೇಪೂ ಇಲ್ಲ, ಸೆಲ್ಲೂ ಬೇಡ. ಬೆಳಗಿನ ಮಾರಿಕುಪ್ಪಂ–ಬೆಂಗಳೂರು ರೈಲಿನಲ್ಲಿ ಟೇಕಲ್ ದಾಟಿದ ಮೇಲೆ ಸುತ್ತ ನೋಡಿ. ಮಾಲೂರಿನಲ್ಲಿ ಹತ್ತಿದವರಿಗೆ ನಿಲ್ಲಲೂ ಜಾಗವಿಲ್ಲ. ಆ ನೂಕುನುಗ್ಗಲಿನಲ್ಲಿ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನನ್ನು ಹಂಚಿಕೊಂಡು, ಒಬ್ಬಳು ಎಡಕಿವಿಗೆ ಇನ್ನೊಬ್ಬಳು ಬಲಕಿವಿಗೆ ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಹಾಡು ಇರಬೇಕು ಅಂದುಕೊಂಡರೆ, ತುಟಿಗಳು ಹಾಡಿಗೆ ಆಡುವಂತೆ ಆಡುತ್ತಿರುವುದಿಲ್ಲ. ಒಂದು ಸಲ ನಿಂತು, ಒಂದು ಸಲ ಆಡಿ, ಮತ್ತೆ ನಿಲ್ಲುತ್ತವೆ. ವೈಟ್‌ಫೀಲ್ಡಿನ ಸಂದರ್ಶನಕ್ಕೋ, ಕೆ.ಆರ್. ಪುರದ ಅಂಗಡಿಯ ಕೆಲಸಕ್ಕೋ ಇಂಗ್ಲಿಷನ್ನು ಬಾಯಲ್ಲಿ ಉರುಳಿಸಿಕೊಳ್ಳುತ್ತಿರುತ್ತಾರೆ. ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳಲ್ಲೂ ಇಂಥ ತುಟಿಗಳನ್ನು ಕಂಡಿದ್ದೇನೆ. ನೋಡಿದಾಗಲೆಲ್ಲ ಹೋಗಿ ಬೆನ್ನು ತಟ್ಟೋಣ ಅನ್ನಿಸುತ್ತದೆ.

ಆದರೆ ಆ ಫೋನುಗಳಲ್ಲಿ ಓಡುವ ಹೊಸ ಪಾಠಗಳನ್ನು ಕೇಳಿದರೆ ಒಂದು ಸಂಕಟವೂ ಆಗುತ್ತದೆ. ಅವುಗಳಲ್ಲಿ ಬಿಡುವೇ ಇಲ್ಲ. ವಿಡಿಯೊ ಮಾಡುವವರು ಮಾತಿನ ನಡುವಿನ ಸಂದುಗಳನ್ನು ಹುಡುಕಿ ಹುಡುಕಿ ಕತ್ತರಿಸುತ್ತಾರೆ, ನೋಡುವವರು ಬೇಸತ್ತು ಬೆರಳಾಡಿಸಿ ಮುಂದೆ ಹೋಗಿಬಿಟ್ಟಾರೆಂಬ ಭಯದಿಂದ. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು ಬಂದು ಹೆಗಲು ತಗುಲಿಸುತ್ತದೆ. ಅದನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರಿದ್ದಾರೆ. ಇನ್ನು ಕೆಲವು ಆ್ಯಪುಗಳು ನಿಮ್ಮ ಉಚ್ಚಾರ ಕೇಳಿಸಿಕೊಂಡು ಕೆಂಪು ಗುರುತು ಹಾಕುತ್ತವೆ. ತಿದ್ದುವುದು ಬೇಡವೆಂದಲ್ಲ. ಟೇಪಿನಾಕೆ ತಿದ್ದಲಾರಳು, ಅದು ಅವಳ ಮಿತಿಯೇ ಸರಿ. ಅದಕ್ಕೆ ಮೇಷ್ಟರು ಬೇಕು, ಗೆಳೆಯರು ಬೇಕು. ಆದರೆ ಮೊದಮೊದಲು ಬಾಯಿ ಬಿಡುವ ಮಗುವಿಗೆ ತಿದ್ದುವವರಿಗಿಂತ ಕಾಯುವವರು ಹೆಚ್ಚು ಬೇಕು. ತೆಲುಗನ್ನೋ ದಖನಿಯನ್ನೋ ನಾವು ಕಲಿತಾಗ ಯಾರು ಕೆಂಪು ಗುರುತು ಹಾಕಿದರು? ಎದುರಿನವರು ನಾವು ತಡವರಿಸುವುದನ್ನು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಕೇಳಿದಷ್ಟು ಬೆಲ್ಲ ಕಟ್ಟಿಕೊಟ್ಟರು. ಇಂಗ್ಲಿಷಿಗೂ ಅಂಥ ಅಂಗಡಿಯೊಂದು ಸಿಕ್ಕಿದ್ದರೆ ಈ ಜಿಲ್ಲೆಯಲ್ಲಿ ಇಂಗ್ಲಿಷಿಗೆ ಹೆದರುವವರೇ ಇರುತ್ತಿರಲಿಲ್ಲ.

ಆದ್ದರಿಂದ ಇದನ್ನು ಇಲ್ಲಿಯವರೆಗೆ ಓದಿದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮಗೆ ಇಂಗ್ಲಿಷ್ ಬರುತ್ತಿದ್ದರೆ, ಅದು ಕೋಲಾರದ ರಾಗದಲ್ಲಿದ್ದರೂ ಚಿಂತೆಯಿಲ್ಲ, ಫೋನು ತೆಗೆದು ನಿಮ್ಮ ಊರಿನ ಶಾಲೆಯ ಮಕ್ಕಳಿಗಾಗಿ ಹತ್ತು ವಾಕ್ಯ ಓದಿ ಮುದ್ರಿಸಿ. ಲಂಡನ್ನಿನ ಪೋಸ್ಟ್ ಆಫೀಸು ಬೇಡ. ಮುಳಬಾಗಿಲಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಈ ವರ್ಷ ಬಾದಾಮಿ ಮಾವು ಹೇಗಿದೆ, ಡೈರಿಗೆ ಹಾಲು ಹಾಕಿದ್ದು ಯಾರು ಎಂದು ಕೇಳಿ. ಮಕ್ಕಳಿಗೆ ಜವಾಬು ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿ. ಒಂದೊಂದು ವಾಕ್ಯದ ಕೊನೆಗೂ ಮನಸ್ಸಿನಲ್ಲಿ ಒಂದರಿಂದ ಐದರವರೆಗೆ ಎಣಿಸಿ, ಆಮೇಲೆ ವೆರಿ ಗುಡ್ ಎನ್ನುವುದನ್ನು ಮರೆಯಬೇಡಿ. ಮುದ್ರಿಸಿದ್ದನ್ನು ಶಾಲೆಯ ಮೇಷ್ಟರಿಗೋ ಮೇಡಂಗೋ ಕಳಿಸಿ. ಜೂನಿಗೆ ಶಾಲೆಗಳು ತೆರೆದಿರುತ್ತವೆ, ಅಷ್ಟರೊಳಗೆ ಮೊದಲ ಪಾಠ ಅವರ ಕೈ ಸೇರಲಿ.